ಒಂದು ದಿನ ಮೊದಲು ಹೊರಟ ಚೀಲ

ಕಾಡಿಗೆ ನನಗಿಂತ ಒಂದು ದಿನ ಮೊದಲು ನನ್ನ ಚೀಲ ಹೊರಟಿತು.

ನಮ್ಮ ಮನೆಯಲ್ಲಿ ಅದು ಹೊಸದಲ್ಲ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಚೆನ್ನಾಗಿರುವ ಹಿಂದಿನ ದಿನವೇ ಚೀಲವನ್ನು ಒಯ್ದು ಬೇರೆಯವರ ಮನೆಯಲ್ಲಿ ಇಟ್ಟುಬರುತ್ತಾರೆ. ಅದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಚೀಲ ಹೊಸ್ತಿಲು ದಾಟಿತೆಂದರೆ ಮನುಷ್ಯನೂ ದಾಟಿದ ಹಾಗೆ. ಹಾಗೆ ಇಟ್ಟ ಚೀಲವನ್ನು ಮನೆಗೆ ವಾಪಸ್ ತರುವಂತಿಲ್ಲ. ಹೋಗುವ ಜಾಗ ಮುಟ್ಟಿ, ಸ್ನಾನ ಮಾಡುವತನಕ ಬಿಚ್ಚುವಂತೆಯೂ ಇಲ್ಲ.

ನನ್ನ ರೈಲು ಮಂಗಳವಾರದ್ದು. ಕಾಡು ಇದ್ದದ್ದು ಉತ್ತರಕ್ಕೆ, ಸಾತ್ಪುರ ಬೆಟ್ಟಗಳ ಒಳಗೆ.

"ಮಂಗಳವಾರ ಉತ್ತರಕ್ಕ ಶೂಲ ಅದ, ಆ ದಿಕ್ಕಿಗಿ ಹೊರಡಬಾರದು," ಎಂದಳು ಅಜ್ಜಿ, ಪಂಚಾಂಗ ತೆರೆಯದೆಯೇ. ಅಜ್ಜಿ ಎಂದರೆ ಚಂದ್ರಾಬಾಯಿ, ಅಪ್ಪನ ತಾಯಿ. ಎಂಬತ್ತೊಂದು ವರ್ಷ. ಅಮ್ಮ ತೀರಿಕೊಂಡ ಮೇಲೆ ಕಮಲಾಪುರದ ನಮ್ಮ ಮನೆಯಲ್ಲಿ ಅವಳು, ಅಪ್ಪ, ನಾನು, ಮೂವರೇ.

"ರಿಸರ್ವೇಶನ್ ಆಗ್ಯದ ಅಜ್ಜಿ."

"ಆಗ್ಲಿ. ರೈಲಿಗೇನು ಗೊತ್ತಾಗ್ತದ? ಅಡವ್ಯಾಗ ನೋಡೂದರ ಏನದ ನಿನಗ? ಇಲ್ಲಿ ನಾಯಿ ನರಿ ಕಡಿಮಿ ಬಿದ್ದಾವೇನು?"

"ಐದೇ ದಿವಸ."

"ನಿಮ್ಮಪ್ಪನೂ ಐದೇ ನಿಮಿಷ ಅಂತ ಹೇಳಿ ಗುಡಿಕಟ್ಟಿಗಿ ಹೋಗ್ತಾನ."

ಅಪ್ಪ ನಕ್ಕರು. ಅಪ್ಪನ ಹೆಸರು ಗುರುರಾಜ. ಹೈಸ್ಕೂಲಿನ ಆಫೀಸಿನಲ್ಲಿ ಕಾರಕೂನರು. "ಹೋಗಿ ಬರ್ಲಿ ಬಿಡವ್ವಾ. ಸೋಮವಾರ ಛಲೋ ಅದಲ್ಲ? ನಾನ ಚೀಲ ಒಯ್ದು ಕಲಬುರಗ್ಯಾಗ ತಮ್ಮನ ಮನ್ಯಾಗ ಇಟ್ಟು ಬರ್ತೀನಿ. ಪ್ರಸ್ಥಾನನೂ ಆತು, ಇಕಿ ಹಗುರಾಗಿ ಬಂದಂಗೂ ಆತು."

ಹೀಗೆ ಅಪ್ಪನೇ ಮುಗಿಸಿದರು. ನನ್ನ ಪರವಾಗಿ ಮಾತಾಡುವುದು ಯಾವತ್ತೂ ಅವರೇ. ನಾನು ಮಾತಾಡುವವಳಲ್ಲ. ಅಂಗಡಿಯವನು ತಪ್ಪು ಸಾಮಾನು ಕೊಟ್ಟರೆ ಅದನ್ನೇ ತಂದು ಬಳಸುವವಳು ನಾನು. ಬಿ.ಎಸ್ಸಿ. ಮೂರು ವರ್ಷದಲ್ಲಿ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿದ ನೆನಪಿಲ್ಲ. ಹೇಳಬೇಕೆನಿಸಿದ್ದನ್ನು ಮನೆಗೆ ಬಂದು ಬರೆಯುತ್ತಿದ್ದೆ.

ಹಾಗೆ ಬರೆಯುತ್ತಾ ಬರೆಯುತ್ತಾ ಒಂದು ಪುಸ್ತಕ ತೋಳಗಳದ್ದಾಯಿತು. ಕಮಲಾಪುರದ ಬಾಳೆತೋಟಗಳು ಮುಗಿದ ಮೇಲೆ ಕಲ್ಲುಗುಡ್ಡದ ಬೀಳುಭೂಮಿ ಇದೆ. ಅಲ್ಲಿ ಕುರಿ ಮೇಯಿಸುವ ಮಾಳಿಂಗ ಎಂಬ ಮುದುಕ ಒಂದು ದಿನ, "ಅಕಾ ನೋಡವಾ, ನಾಯಿ ಅಲ್ಲದು," ಎಂದು ಕೋಲು ತೋರಿಸಿದ. ಅಂದಿನಿಂದ ಎರಡೂವರೆ ವರ್ಷ ಬೆಳಗ್ಗೆ ಬೆಳಗ್ಗೆ ಹೋಗಿ ನೋಡಿದ್ದನ್ನೆಲ್ಲ ಬರೆದೆ. ಯಾವ ದಿನ, ಎಷ್ಟು ಹೊತ್ತಿಗೆ, ಗಾಳಿ ಯಾವ ಕಡೆಯದು, ಎಷ್ಟು ತೋಳ. ಹೆಜ್ಜೆ ಗುರುತನ್ನು ದಾರದಲ್ಲಿ ಅಳೆದು ಅಷ್ಟೇ ಅಳತೆಯ ಚಿತ್ರ. ಮರಿ ಹಾಕಿದ ಗುಹೆಯ ಬಾಯಿ. ಮೂರು ಮರಿಯಲ್ಲಿ ಒಂದು ಕುಂಟುತ್ತಿದ್ದದ್ದು, ಆಮೇಲೆ ಕಾಣದಾದದ್ದು. ಇನ್ನೂರು ಪುಟದ ರಟ್ಟಿನ ಪುಸ್ತಕ ಮುಗಿಯುತ್ತ ಬಂದಿತ್ತು.

ಸಂಜೆ ಚಹಾ ಕುಡಿಯುವಾಗ ಅಪ್ಪ ಕೇಳುತ್ತಿದ್ದರು, "ಇವತ್ತ ನಿನ್ನ ಮಂದಿ ಏನ್ ಮಾಡಿದ್ರು?" ನಾನು ಹೇಳುತ್ತಿದ್ದೆ. ಒಬ್ಬರ ಮುಂದೆ ಕೂತು ನಾನು ಅರ್ಧ ತಾಸು ಮಾತಾಡುತ್ತಿದ್ದದ್ದು ಅಷ್ಟೇ.

ಕಾಡುಪ್ರಾಣಿಗಳ ಅಧ್ಯಯನ ಮಾಡುವ ಒಂದು ಸಂಸ್ಥೆಯವರು ಪದವಿ ಮುಗಿಸಿದ ಹತ್ತು ಜನರನ್ನು ಸಾತ್ಪುರದ ರಾಷ್ಟ್ರೀಯ ಉದ್ಯಾನಕ್ಕೆ ಕರೆಯುತ್ತಾರೆಂದು ತಿಳಿಸಿದ್ದು ತಬಸ್ಸುಮ್. ಅವಳು ನನ್ನ ಜೊತೆ ಓದಿದವಳು, ಕಲಬುರಗಿಯ ಮೋಮಿನಪುರದವಳು. ಕೋಟೆಯ ಬಾವಲಿಗಳ ಬಗ್ಗೆ ಬರೆಯುತ್ತಿದ್ದಳು. ಇಬ್ಬರೂ ಹತ್ತು ಹತ್ತು ಪುಟದ ಫೋಟೋ ಕಳಿಸಿದೆವು. ಇಬ್ಬರನ್ನೂ ಕರೆದರು. ಐದು ದಿನ ಪ್ರಾಣಿ ಗಣತಿಯಲ್ಲಿ ನಡೆಯಬೇಕು. ಕೊನೆಯ ದಿನ ಒಬ್ಬೊಬ್ಬರೂ ತಮ್ಮ ಮೂಲ ಪುಸ್ತಕ ಮುಂದಿಟ್ಟು ವಿವರಿಸಬೇಕು. ಹತ್ತರಲ್ಲಿ ಇಬ್ಬರಿಗೆ ಒಂದು ವರ್ಷ ಅಲ್ಲೇ ಕ್ಯಾಂಪಿನಲ್ಲಿದ್ದು ಮಾಡುವ ಕೆಲಸ. ಮೂಲ ಪುಸ್ತಕ ತರಲೇಬೇಕು ಎಂದು ಪತ್ರದಲ್ಲಿ ಎರಡು ಸಲ ಬರೆದಿದ್ದರು.

ಆ ಒಂದು ವರ್ಷ ನನಗೆ ಬೇಕಿತ್ತು. ಅಷ್ಟು ಬೇಕು ಅನ್ನಿಸಿದ್ದು ಅದಕ್ಕೆ ಮೊದಲು ಯಾವುದೂ ಇರಲಿಲ್ಲ. ಸೋಲಾಪುರದ ಒಂದು ಸಂಬಂಧ ಬಂದಿತ್ತು. ಅವರು ಮಾರ್ಗಶಿರದಲ್ಲಿ ನೋಡಲು ಬರುತ್ತೇವೆ ಎಂದಿದ್ದರು. ಕೆಲಸ ಸಿಕ್ಕರೆ ಆ ಮಾತೇ ಬರುವುದಿಲ್ಲ ಎಂದು ನಾನು ಒಳಗೊಳಗೇ ಅಂದುಕೊಂಡಿದ್ದೆ. ಅಪ್ಪನಿಗೆ ಕೆಲಸದ ವಿಷಯ ಹೇಳಿದ್ದೆ. "ಆಗ್ಲಿ, ಮೊದಲ ಹೋಗಿ ಬಾ," ಎಂದಿದ್ದರು. ಅವರ ಹೌದು ನನಗೆ ಯಾವಾಗಲೂ ಸಾಕಾಗುತ್ತಿತ್ತು.

ಭಾನುವಾರ ಮಧ್ಯಾಹ್ನ ಚೀಲ ತುಂಬುವಾಗ ಪುಸ್ತಕವನ್ನು ಹೆಗಲ ಚೀಲದಲ್ಲಿ ಇಟ್ಟುಕೊಳ್ಳುತ್ತೇನೆ ಎಂದೆ. ಅಜ್ಜಿ ಒಪ್ಪಲಿಲ್ಲ.

"ಹಳೀ ಲಂಗಾ ಟಾವೆಲ್ಲು ಇಟ್ಟರ ಪ್ರಸ್ಥಾನ ಆಗ್ತದೇನು? ಯಾವುದಿಲ್ಲಂದ್ರ ನಿನ್ನ ಕೆಲಸ ನಡಿಯಂಗಿಲ್ಲೋ ಅದು ಮೊದಲ ಹೋಗಬೇಕು. ನಮ್ಮ ಮಾವನೋರು ಕಾಶಿಗಿ ಹೋಗೂ ಮುಂದ ತಮ್ಮ ಪುರಾಣದ ಪೋಥಿನ ಇಟ್ಟಿದ್ರು."

ಕಳೆದುಹೋದರೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬಟ್ಟೆಗಳ ತಳದಲ್ಲಿ ಇಟ್ಟೆ. ಅಜ್ಜಿ ಒಂದು ಹಿಡಿ ಅಕ್ಕಿ, ಅಡಿಕೆ, ಅರಿಷಿಣದ ಕೊಂಬು ಗಂಟು ಕಟ್ಟಿ ಅರಿಷಿಣದ ದಾರದಿಂದ ಚೀಲದ ಹಿಡಿಕೆಗೆ ಬಿಗಿದಳು.

ಸೋಮವಾರ ಬೆಳಗ್ಗೆ ಅಪ್ಪ ಶಾಲು ಹೊದ್ದು, ಚೀಲ ಹೆಗಲಿಗೇರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೋದರು. ಹೋಗುವಾಗ ಹಿಂದೆ ನೋಡಬಾರದು, ನೋಡಲಿಲ್ಲ.

ಮಂಗಳವಾರ ನಾನು ಕಲಬುರಗಿಗೆ ಹೋದಾಗ ಬ್ರಹ್ಮಪುರದಲ್ಲಿ ಅಪ್ಪನ ತಮ್ಮ ಕಾಕಾನ ಮನೆಯ ದೇವರಕೋಣೆಯ ಬಾಗಿಲ ಬಳಿ ನನ್ನ ಚೀಲ ಮಣೆಯ ಮೇಲೆ ಕೂತಿತ್ತು. ಕಾಕು ಅದಕ್ಕೆ ಕುಂಕುಮ ಹಚ್ಚಿದ್ದಳು. "ನಿನಗಿಂತ ನಿನ್ನ ಚೀಲಕ್ಕ ಮರ್ಯಾದಿ ಜಾಸ್ತಿ ಆಗ್ಯದ," ಎಂದು ಕಾಕಾನ ಮಗ ಸುಮಧ್ವ ನಗುತ್ತಾ ಅದನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಸ್ಟೇಶನ್ನಿಗೆ ಬಿಟ್ಟ.

ತಬಸ್ಸುಮ್ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿದ್ದಳು. ಜೊತೆಗೆ ಅವಳ ಅಬ್ಬಾ ಗುಲಾಮ್ ರಸೂಲ್, ದರ್ಜಿ ಕೆಲಸದವರು. ಅವರೇ ಅವಳ ಪುಸ್ತಕಕ್ಕೆ ದಪ್ಪ ಬಟ್ಟೆಯ ಚೀಲ ಹೊಲಿದುಕೊಟ್ಟಿದ್ದರು. ಅವಳು ಅದನ್ನು ಕೊರಳಿಗೆ ಹಾಕಿಕೊಂಡಿದ್ದಳು.

"ಏ ಮಂಜುಷಾ, ನಿನ್ ಬ್ಯಾಗಿಗಿ ಕಂಕಣ ಕಟ್ಯಾರಲ್ಲೇ! ಮದಿವಿ ಯಾರ ಜೋಡಿ?"

"ಊರು ಮುಟ್ಟೋತನ ಬಿಚ್ಚಂಗಿಲ್ಲ."

"ನಗಬ್ಯಾಡ ಬೇಟಾ," ಎಂದರು ಗುಲಾಮ್ ರಸೂಲ್. "ನಿನ್ ತೋಳಿಗಿ ನಿಮ್ ದಾದೀಮಾ ಇಮಾಮ್ ಜಾಮಿನ್ ಕಟ್ಟ್ಯಾಳಲ್ಲ, ಅದೂ ಅದೇ. ಸಫರ್ ಸಲಾಮತ್ ಇರ್ಬೇಕು ಅಷ್ಟೇ."

ತಬಸ್ಸುಮ್ ತೋಳು ಎತ್ತಿ, ಪ್ರಯಾಣ ಕ್ಷೇಮವಾಗಲೆಂದು ಕಟ್ಟಿದ್ದ ಹಸಿರು ಪಟ್ಟಿ ತೋರಿಸಿದಳು. "ನೋಡು, ನಾನೂ ನಿನ್ ಬ್ಯಾಗ್ ಆಗೀನಿ."

ಒಂದು ರಾತ್ರಿ, ಒಂದು ಹಗಲು ರೈಲು. ಆಮೇಲೆ ಬಸ್ಸು. ಬಸ್ಸು ನಿಂತಲ್ಲಿಂದ ಮೂರು ತಾಸು ಜೀಪು. ಜೀಪು ನಿಂತಲ್ಲಿ ಅಗಲವಾದ ನದಿ. ನದಿ ದಾಟಿಸಲು ದೋಣಿ. ಆ ದಡದಲ್ಲಿ ಇಳಿದಾಗ ಕೊನೆಯ ಅಂಗಡಿ, ಕೊನೆಯ ವಿದ್ಯುತ್ ಕಂಬ ಎಲ್ಲ ಈ ದಡದಲ್ಲಿ ಉಳಿದವು. ಆಕಳ ಕೊರಳಿನ ಗಂಟೆ ಕೇಳದಷ್ಟು ದೂರಕ್ಕೆ ನಾನು ಅದಕ್ಕೂ ಮೊದಲು ಹೋಗಿರಲಿಲ್ಲ. ಮೊಬೈಲಿಗೆ ಸಿಗ್ನಲ್ ಸಿಗುವುದು ಕ್ಯಾಂಪಿನ ಹಿಂದಿನ ಒಂದು ಬಂಡೆಯ ಮೇಲೆ ಮಾತ್ರ, ಅದೂ ಗಾಳಿ ಮನಸ್ಸು ಮಾಡಿದರೆ ಎಂದು ಅಡುಗೆಯವನು ಹೇಳಿದ.

ಸ್ನಾನ ಮಾಡಿದೆ. ಅಜ್ಜಿಗೆ ಮಾತು ಕೊಟ್ಟಿದ್ದೆ, ಉತ್ತರಕ್ಕೆ ನಿಂತು ಕೈ ಮುಗಿದೆ. ದಾರ ಬಿಚ್ಚಿದೆ. ಬಟ್ಟೆ ತೆಗೆದು ತಳದ ಪ್ಲಾಸ್ಟಿಕ್ ಕವರು ಹಿಡಿದಾಗಲೇ ಕೈಗೆ ಗೊತ್ತಾಯಿತು. ಅದು ಮೆತ್ತಗಿತ್ತು.

ಒಳಗೆ ಅಪ್ಪನ ಉಣ್ಣೆಯ ಶಾಲು ಇತ್ತು. ಪುಸ್ತಕದ ಅಳತೆಗೇ ಮಡಚಿದ್ದರು.

ಬಂಡೆಗೆ ಓಡಿದೆ. ನಾಲ್ಕನೆಯ ಸಲಕ್ಕೆ ಅಪ್ಪನ ಫೋನು ಹತ್ತಿತು.

"ಮುಟ್ಟಿದೇನು ಮಂಜೂ? ಭಾಳ ಥಂಡಿ ಅದೇನು ಅಲ್ಲಿ? ಶಾಲು ಇಟ್ಟೀನಿ ನೋಡು."

"ಅಪ್ಪಾ, ಶಾಲು ಇಡೂ ಮುಂದ ನನ್ನ ಪುಸ್ತಕ ಹೊರಗ ತಗದಿದ್ರೇನು?"

"ಹಲೋ... ಹಲೋ... ಕೇಳಿಸವಲ್ದು ಮಂಜೂ... ಹಲೋ," ಎಂದು ಫೋನು ಕಟ್ಟಾಯಿತು. ಮತ್ತೆ ಹತ್ತಲಿಲ್ಲ.

ಸುಮಧ್ವನಿಗೆ ಮೆಸೇಜು ಹಾಕಿದೆ. ಕಮಲಾಪುರಕ್ಕೆ ಹೋಗು, ಪುಸ್ತಕ ಮನೆಯಲ್ಲೇ ಉಳಿದಿರಬೇಕು, ಹೇಗಾದರೂ ಮಾಡಿ ಕಳಿಸು ಎಂದು. ಮರುದಿನ ಬಂಡೆಗೆ ಹೋದಾಗ ಉತ್ತರ ಬಂದಿತ್ತು: "ದೊಡ್ಡಪ್ಪಗ ಕೇಳ್ದೆ. ಇಡೀ ಮನಿ ಹುಡುಕ್ಯಾರಂತ. ಇಲ್ಲಂತ. ಬಸ್ಸಿನ್ಯಾಗ ಬಿದ್ದಿರಬೇಕು ಅಂದ್ರು. ಡಿಪೋದಾಗ ಕೇಳ್ತಾರಂತ."

ನನಗೆ ಅಳು ಬಂದದ್ದು ಪುಸ್ತಕಕ್ಕಲ್ಲ. ಮಗಳಿಗೆ ಚಳಿಯಾದೀತೆಂದು ಶಾಲು ತುರುಕಲು ಹೋಗಿ ಪುಸ್ತಕ ಬೀಳಿಸಿಕೊಂಡು, ಈಗ ಡಿಪೋದ ಬಾಗಿಲಲ್ಲಿ ಯಾರ ಯಾರನ್ನೋ ಬೇಡುತ್ತಾ ನಿಂತಿರುವ ಅಪ್ಪನ ಮುಖ ಕಣ್ಣಿಗೆ ಕಟ್ಟಿತು. "ಹೋಗಲಿ ಬಿಡಿ ಅಪ್ಪಾ, ಚಿಂತೆ ಮಾಡಬೇಡಿ," ಎಂದು ಮೆಸೇಜು ಹಾಕಿ ಇಳಿದುಬಂದೆ. ಅದನ್ನು ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಆದರೂ ಆ ಐದು ದಿನ ಕಾಡು ನನ್ನನ್ನು ಕೈಬಿಡಲಿಲ್ಲ. ಬೆಳಗ್ಗೆ ಐದೂವರೆಗೆ ಹೊರಟು ಗೊತ್ತುಪಡಿಸಿದ ಗೆರೆಯ ಮೇಲೆ ಎರಡು ಮೈಲಿ ನಡೆಯಬೇಕು. ಕೆಮ್ಮುವಂತಿಲ್ಲ, ಪಿಸುಗುಡುವಂತಿಲ್ಲ, ಒಣಗಿದ ತೇಗದ ಎಲೆಯ ಮೇಲೆ ಕಾಲಿಡುವಂತಿಲ್ಲ. ತೇಗದ ಎಲೆ ಹಪ್ಪಳದ ಹಾಗೆ ಸದ್ದು ಮಾಡುತ್ತದೆ. ಉಳಿದವರಿಗೆ ಅದು ಕಷ್ಟವಾಯಿತು. ತಬಸ್ಸುಮ್ ಎರಡನೆಯ ದಿನವೇ, "ಮಾತು ಹೊಟ್ಯಾಗ ಕೂತು ಗ್ಯಾಸ್ ಆಗ್ಯದ," ಎಂದಳು. ನನಗೆ ಮಾತ್ರ ಹುಟ್ಟಿದಾಗಿನಿಂದ ಅದೇ ಅಭ್ಯಾಸ. ತಂಡದ ಮುಖ್ಯಸ್ಥೆ, ನಾವೆಲ್ಲ ಮೇಡಂ ಎನ್ನುತ್ತಿದ್ದವರು, ಮರಾಠಿಯವರು, ನರೆತ ಕೂದಲು, ಗಂಡಸರ ಬೂಟು. ಮೂರನೆಯ ಸಂಜೆ ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತು, "ಈ ಹತ್ತು ಜನರಲ್ಲಿ ಕಾಡಿಗೆ ಗೊತ್ತಾಗದ ಹಾಗೆ ನಡೆಯುವವಳು ನೀನೊಬ್ಬಳೇ. ನಿನ್ನ ತೋಳದ ಪುಸ್ತಕ ನೋಡಬೇಕು ಅಂತ ಕಾಯುತ್ತಿದ್ದೇನೆ," ಎಂದರು.

ಪುಸ್ತಕ ಇಲ್ಲ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ತಟ್ಟೆ ಹಿಡಿದುಕೊಂಡು ತಲೆಯಾಡಿಸಿದೆ.

ನಾಲ್ಕನೆಯ ದಿನ ಬೆಳಗ್ಗೆ ನಾನು, ಒಬ್ಬ ಅರಣ್ಯ ಕಾವಲುಗಾರ, ಇಬ್ಬರೇ. ಇಬ್ಬನಿ ಇನ್ನೂ ಆರಿರಲಿಲ್ಲ. ಕಾವಲುಗಾರ ಕೈ ಅಡ್ಡ ಹಿಡಿದ. ಮೂವತ್ತು ಹೆಜ್ಜೆ ಆಚೆ ಹುತ್ತದ ಬುಡದಲ್ಲಿ ಒಂದು ಕರಡಿ. ಅದರ ಬೆನ್ನಿನ ಮೇಲೆ ಎರಡು ಮರಿ, ಕೂದಲು ಹಿಡಿದು ಕೂತಿದ್ದವು. ತಾಯಿ ಹುತ್ತ ಬಗೆದು, ಬಾಯಿ ಒಳಗಿಟ್ಟು ಗೆದ್ದಲು ಹೀರುತ್ತಿತ್ತು. ಆ ಸದ್ದು! ಅಂಗೈಯಲ್ಲಿ ಸಾರು ಹಾಕಿಕೊಂಡು ಅಪ್ಪ ಸುರ್ರ್ ಎಂದು ಕುಡಿಯುತ್ತಾರಲ್ಲ, ಥೇಟ್ ಅದೇ. ನನಗೆ ನಗು ತಡೆಯಲಾಗದೆ ದುಪಟ್ಟಾ ಬಾಯಿಗೆ ಒತ್ತಿಕೊಂಡೆ. ಒಂದು ಮರಿ ಜಾರಿ ಬಿತ್ತು. ತಾಯಿ ತಿರುಗಿಯೂ ನೋಡಲಿಲ್ಲ. ಅದು ತಾನೇ ಕಾಲು ಹಿಡಿದು ಹತ್ತಿ, ತಮ್ಮನನ್ನು ತಳ್ಳಿ ಜಾಗ ಮಾಡಿಕೊಂಡು ಕೂತಿತು. ಇದನ್ನು ಅಪ್ಪನಿಗೆ ಹೇಗೆ ಹೇಳಬೇಕು, ಸಾರಿನ ಮಾತು ಮೊದಲು ಹೇಳಬೇಕೋ ಕೊನೆಗೋ ಎಂದು ಆ ಚಳಿಯಲ್ಲಿ ನಿಂತು ಯೋಚಿಸುತ್ತಿದ್ದೆ.

ಐದನೆಯ ದಿನ. ಕ್ಯಾಂಪಿನ ಪಡಸಾಲೆಯಲ್ಲಿ ಉದ್ದನೆಯ ಮೇಜು, ಮೂವರು ಕೂತಿದ್ದರು. ನಡುವೆ ಮೇಡಂ. ನನ್ನ ಸರದಿ ಏಳನೆಯದು.

"ಪುಸ್ತಕ?"

"ಇಲ್ಲ."

"ಇಲ್ಲ ಅಂದರೆ?"

"ಕಳೆದುಹೋಯಿತು. ಬರುವಾಗ."

ಮೇಡಂ ಕನ್ನಡಕ ತೆಗೆದರು. "ಮೊದಲ ದಿನವೇ ಯಾಕೆ ಹೇಳಲಿಲ್ಲ?"

ಅವರು ಕೆಟ್ಟವರಲ್ಲ. "ಸರಿ, ನೆನಪಿನಿಂದ ಹೇಳು. ಎರಡೂವರೆ ವರ್ಷ ನೋಡಿದ್ದೀಯ. ಇಪ್ಪತ್ತು ನಿಮಿಷ ನಿನ್ನದು," ಎಂದರು.

ನನಗೆ ಎಲ್ಲ ನೆನಪಿತ್ತು. ಪುಟದ ಎಡಗಡೆ ಏನು, ಬಲಗಡೆ ಏನು, ಎಲ್ಲಿ ಶಾಯಿ ಚೆಲ್ಲಿತ್ತು ಎನ್ನುವುದು ಸಮೇತ. ಗುಹೆಯ ಬಾಯಿಯ ಅಗಲ ಎಷ್ಟು, ಯಾವ ತಿಂಗಳು ಕುರಿಹಟ್ಟಿ ಎಲ್ಲಿಗೆ ಸರಿಯಿತು, ತೋಳ ಎಷ್ಟು ದಿನ ಬಿಟ್ಟು ಹಿಂದೆ ಹೋಯಿತು. ಬಾಯಿ ತೆರೆದರೆ ಮೂರು ವಾಕ್ಯ ಬಂದವು. ಕಮಲಾಪುರದ ಹತ್ತಿರ ತೋಳಗಳಿವೆ. ಐದು ನೋಡಿದ್ದೇನೆ. ಮೂರು ಮರಿ ಇದ್ದವು. ಆಮೇಲೆ ನಾಲಿಗೆ ಅಂಟಿಕೊಂಡಿತು. ಮೂರು ಜನ ಮುಖ ನೋಡುತ್ತಿದ್ದರು. ಪುಸ್ತಕ ಮುಂದಿದ್ದಿದ್ದರೆ ನಾನು ಅದರ ಕಡೆ ನೋಡುತ್ತಿದ್ದೆ, ಅವರೂ ಅದರ ಕಡೆ ನೋಡುತ್ತಿದ್ದರು. ಅಷ್ಟಿದ್ದರೆ ನನಗೆ ಸಾಕಿತ್ತು.

ಬಾಗಿಲಲ್ಲಿ ನಿಂತಿದ್ದ ತಬಸ್ಸುಮ್ ಕರೆಯದೇ ಒಳಗೆ ಬಂದಳು. "ಮೇಡಂ, ನಾನು ಕಣ್ಣಾರೆ ನೋಡಿದ್ದೇನೆ ಅವಳ ಪುಸ್ತಕ. ನನ್ನದಕ್ಕಿಂತ ಹತ್ತು ಪಟ್ಟು ಚೆನ್ನಾಗಿದೆ. ಅಲ್ಲಾನ ಆಣೆ."

"ಹತ್ತು ಪುಟದ ಫೋಟೋ ನಾನೂ ನೋಡಿದ್ದೇನೆ. ಅಷ್ಟನ್ನೂ ನಿನ್ನ ಆಣೆಯನ್ನೂ ನಂಬಿ ಕೆಲಸ ಕೊಟ್ಟರೆ ಪುಸ್ತಕ ಹೊತ್ತು ತಂದ ಒಂಬತ್ತು ಜನರಿಗೆ ಏನು ಹೇಳಲಿ?" ಎಂದರು ಮೇಡಂ. ಸರಿಯಾದ ಮಾತೇ.

ಹೊರಗೆ ಬಂದ ಮೇಲೆ ತಬಸ್ಸುಮ್ ನನ್ನ ಭುಜ ಹಿಡಿದಳು. "ಯಾಕ ಸುಮ್ನ ನಿಂತಿ? ನನ್ ಮುಂದ ಹೇಳ್ತೀಯಲ್ಲ, ಹಂಗ ಹೇಳಬೇಕಿತ್ತಲ್ಲೇ!"

"ನಿನಗ್ಯಾರು ಬಾ ಅಂದಿದ್ರು ಒಳಗ?" ಎಂದೆ. ಬಾಯಿ ತೆರೆಯದ ನನಗೆ ಆ ಮಾತು ಮಾತ್ರ ಎಷ್ಟು ಸಲೀಸಾಗಿ ಬಂತು. ಅವಳು ಕೈ ತೆಗೆದಳು.

ಸಂಜೆ ಹೆಸರು ಓದಿದರು. ನಾಗಪುರದ ಒಬ್ಬ ಹುಡುಗ, ತಬಸ್ಸುಮ್.

ವಾಪಸ್ ಬರುವಾಗ ಒಬ್ಬಳೇ ಬಂದೆ.

ಕಮಲಾಪುರದಲ್ಲಿ ಬಸ್ಸು ಇಳಿಯುವಾಗ ಅಪ್ಪ ಬಂದು ನಿಂತಿದ್ದರು. ಚೀಲ ಇಸಿದುಕೊಂಡರು. ಕೆಲಸ ಸಿಗಲಿಲ್ಲ ಎಂದು ಫೋನಿನಲ್ಲಿ ಹೇಳಿದ್ದೆ. ದಾರಿಯಲ್ಲಿ ಬಾಳೆಗೊನೆ ತುಂಬಿದ ಟಂಟಂ ಆಟೋ ಒಂದು ಪಕ್ಕದಲ್ಲಿ ಹೋಯಿತು. ಅಪ್ಪ ನನ್ನನ್ನು ರಸ್ತೆಯ ಅಂಚಿಗೆ ಸರಿಸಿದರು.

ಊಟವಾದ ಮೇಲೆ ನಾನೇ ಕೇಳಿದೆ. "ಡಿಪೋದಾಗ ಏನಂದ್ರು ಅಪ್ಪಾ?"

ಅಪ್ಪ ಎದ್ದು ದೇವರಕೋಣೆಗೆ ಹೋದರು. ಹಳೆಯ ಪಂಚಾಂಗಗಳನ್ನಿಡುವ ಕಪಾಟಿನ ಬಾಗಿಲು ಕಿರ್ ಎಂದಿತು. ಹೊರಗೆ ಬಂದು ನನ್ನ ತೊಡೆಯ ಮೇಲೆ ಪುಸ್ತಕ ಇಟ್ಟರು. ಧೂಳು ಬೀಳದ ಹಾಗೆ ಒಗೆದ ಪಂಚೆಯಲ್ಲಿ ಸುತ್ತಿದ್ದರು.

ನನಗೆ ಮೊದಲು ಸಂತೋಷವೇ ಆಯಿತು. "ಸಿಕ್ತೇನು? ಯಾರ್ ಕೊಟ್ರು?"

"ಯಾರೂ ಕೊಟ್ಟಿಲ್ಲ. ನಾನ ತಗದಿಟ್ಟಿದ್ದೆ."

"ಮರ್ತಿದ್ರೇನು?"

"ಇಲ್ಲ."

ಅಜ್ಜಿ ಹೂಬತ್ತಿ ಹೊಸೆಯುವುದು ನಿಲ್ಲಿಸಿದಳು. ಅಪ್ಪ ಕಂಬಕ್ಕೊರಗಿ ಕೂತರು. ನನ್ನ ಕಡೆ ನೋಡದೆ ಹೇಳಿದರು.

"ಅವತ್ತ ಬಸ್ ಬರೂದು ಭಾಳ ತಡ ಆತು. ಕೂತು ಕೂತು ಬ್ಯಾಸರ ಬಂತು. ಏನ್ ಬರದೀ ನೋಡೋಣು ಅಂತ ತಗದೆ. ನೀ ಹೇಳಿದ್ದು ಕೇಳಿದ್ದೆ, ಓದಿದ್ದಿಲ್ಲಲ್ಲ. ಓದಕೋತ ಕೂತೆ. ಒಂದು ಬಸ್ ಹೋಗಿಬಿಟ್ತು, ಗೊತ್ತೇ ಆಗ್ಲಿಲ್ಲ. ಆ ಕುಂಟು ಮರಿದು ಓದಿ ಕಣ್ಣಾಗ ನೀರ ಬಂತು, ಬಸ್ ಸ್ಟ್ಯಾಂಡಿನ್ಯಾಗ. ಇಷ್ಟು ಛಲೋ ಬರದೀ ಅಂತ ನನಗ ಗೊತ್ತಿದ್ದಿಲ್ಲ ಮಂಜೂ. ಇದನ್ನ ನೋಡಿದ್ರ ಅವರು ನಿನ್ನ ಬಿಡಂಗಿಲ್ಲ ಅಂತ ಖಾತ್ರಿ ಆತು."

ನಾನು ಬರೆದದ್ದಕ್ಕೆ ಅಷ್ಟು ದೊಡ್ಡ ಹೊಗಳಿಕೆ ಯಾರಿಂದಲೂ ಬಂದಿಲ್ಲ. ಇನ್ನು ಬರುವುದೂ ಇಲ್ಲವೇನೋ.

"ಸೋಲಾಪುರದವ್ರಿಗೆ ಮಾತು ಕೊಟ್ಟೀನಿ," ಎಂದರು ಅಪ್ಪ. "ವರ್ಷಗಟ್ಟಲೆ ಅಡವ್ಯಾಗ ಇದ್ದ ಹುಡುಗಿ ಅಂದ್ರ ಯಾರ್ ಮಾಡಕೋತಾರ? ನಿಮ್ಮವ್ವ ಇದ್ದಿದ್ರ ಬ್ಯಾರೆ ಮಾತಿತ್ತು."

"ಹೋಗಬ್ಯಾಡ ಅಂತ ನನಗ ಹೇಳಬಹುದಿತ್ತಲ್ಲ ಅಪ್ಪಾ."

"ಬಾಯಿ ಬರಲಿಲ್ಲ. ನೀ ಅಷ್ಟು ಖುಷಿಲೇ ಇದ್ದಿ."

ಅಷ್ಟರಲ್ಲಿ ಅಜ್ಜಿ ಹಣೆ ಬಡಿದುಕೊಂಡಳು. ನನ್ನ ಪರ ಮಾತಾಡುತ್ತಾಳೆ ಅಂದುಕೊಂಡೆ. "ಪ್ರಸ್ಥಾನದ ಚೀಲ ಬಸ್ ಸ್ಟ್ಯಾಂಡಿನ್ಯಾಗ ಬಿಚ್ಚಿದ್ಯೇನೋ ಗುರ್ಯಾ! ಬುದ್ಧಿ ಎಲ್ಲಿಟ್ಟಿದ್ದಿ? ಇಟ್ಟದ್ದು ವಾಪಸ್ ಮನಿಗಿ ತಂದಿಯಲ್ಲೋ! ಹುಡುಗಿಗೆ ಏನರ ಆಗಿದ್ರ?"

"ಏನೂ ಆಗಿಲ್ಲಲ್ಲವ್ವಾ. ಕ್ಷೇಮಲೇ ಬಂದಾಳಲ್ಲ," ಎಂದರು ಅಪ್ಪ.

"ರಾಯರು ದೊಡ್ಡಾವ್ರು. ನಾಳೆ ಹಾಲಿನ ಅಭಿಷೇಕ ಮಾಡಿಸು."

ಇಬ್ಬರೂ ಅಭಿಷೇಕದ ಮಾತಿಗೆ ಹೋದರು. ನಾನು ಪಂಚೆ ಬಿಚ್ಚಲಿಲ್ಲ. ಅಪ್ಪ ಹುಡುಕುತ್ತಿದ್ದಾರೆಂದು ಬಂಡೆಯ ಮೇಲೆ ಕೂತು ಅತ್ತದ್ದು, ಚಿಂತೆ ಮಾಡಬೇಡಿ ಎಂದು ಬರೆದದ್ದು, ಅದನ್ನು ಓದುವಾಗ ಈ ಪುಸ್ತಕ ಅವರ ಹತ್ತು ಹೆಜ್ಜೆ ದೂರದಲ್ಲಿದ್ದದ್ದು, ಒಂದೊಂದಾಗಿ ಹೊಳೆಯುತ್ತಾ ಹೋಯಿತು. ಬೇಡ ಎಂದಿದ್ದರೆ ನಾನು ಜಗಳವಾಡುತ್ತಿದ್ದೆನೋ, ಸುಮ್ಮನಿರುತ್ತಿದ್ದೆನೋ. ಎರಡರಲ್ಲೂ ನಾನಿರುತ್ತಿದ್ದೆ. ಇದರಲ್ಲಿ ನನ್ನನ್ನು ಕಳಿಸಿಕೊಟ್ಟು, ನಾನು ಸೋಲುವುದನ್ನು ನನ್ನ ಚೀಲದಲ್ಲೇ ಮಡಚಿ ಇಟ್ಟಿದ್ದರು. ಇದು ಪ್ರೀತಿಯಲ್ಲ ಎಂದು ಹೇಳುವ ಧೈರ್ಯವೂ ನನಗಿಲ್ಲ. ಶಾಲು ನಿಜವಾಗಿಯೂ ಬೆಚ್ಚಗಿತ್ತು.

ಸಂಜೆ ಅಪ್ಪ ಚಹಾ ಹಿಡಿದು ಬಂದು ಕೇಳಿದರು. "ಹುಲಿ ಕಂಡ್ತೇನು?"

"ಇಲ್ಲ."

"ಮತ್ತೇನು ನೋಡ್ದಿ?"

"ಏನೂ ಕಾಣಲಿಲ್ಲ."

ಮರುದಿನವೂ ಕೇಳಿದರು. ಅದರ ಮರುದಿನವೂ. ಕರಡಿ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಅಪ್ಪ ಎಷ್ಟು ನಗುತ್ತಿದ್ದರೆಂದು ನನಗೆ ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ.

ಸೋಲಾಪುರದವರು ಗುರುವಾರ ಬಂದರು. ಹುಡುಗ, ಅವನ ತಾಯಿ, ಒಬ್ಬ ಅತ್ತೆ. ಉಪ್ಪಿಟ್ಟು, ಕೆಂಪು ಬಾಳೆಹಣ್ಣು ತಟ್ಟೆಯಲ್ಲಿಟ್ಟು ತಂದೆ. ಎಷ್ಟು ಓದಿದ್ದೀ, ಅಡುಗೆ ಬರುತ್ತದಾ, ಒಂದು ದೇವರನಾಮ ಹೇಳು. ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟೆ. ಅಪ್ಪನಿಗೆ ತಡೆಯಲಾಗಲಿಲ್ಲ. "ಇತ್ತೀಚಿಗಿ ಅಕಿ ದೊಡ್ಡ ಕಾಡಿಗಿ ಹೋಗಿ ಬಂದಾಳ್ರಿ. ಹತ್ತೇ ಮಂದಿನ ಕರದಿದ್ರು. ಹುಲಿ ನೋಡಿ ಬಂದಾಳ," ಎಂದರು. ನಾನು ಏನೂ ಹೇಳದಿದ್ದರಿಂದ ಪಾಪ, ತಾವೇ ಒಂದು ಹುಲಿ ಹುಟ್ಟಿಸಿಕೊಂಡಿದ್ದರು.

"ಹೌದೇನವಾ? ಹೆದರಿಕಿ ಬರಲಿಲ್ಲ?" ಎಂದಳು ಹುಡುಗನ ಅತ್ತೆ.

ನಾನು ಸುಮ್ಮನಿದ್ದೆ. ಆಕೆ ಹುಡುಗನ ತಾಯಿಯ ಕಡೆ ತಿರುಗಿ ಮೆಚ್ಚುಗೆಯಿಂದ ಹೇಳಿದಳು, "ಎಷ್ಟು ಶಾಂತ ಅದ ನೋಡ್ರಿ ಹುಡುಗಿ. ಬಾಯಿ ಅನ್ನೂದೇ ಇಲ್ಲ. ಈಗಿನ ಕಾಲದಾಗ ಇಂಥಾವ್ರು ಎಲ್ಲಿ ಸಿಗ್ತಾರ?"

ತಾಯಿ ತಲೆಯಾಡಿಸಿದಳು. ಅಪ್ಪನ ಮುಖ ಅರಳಿತು. ಸೋಲಾಪುರದವರಿಗೆ ಒಪ್ಪಿಗೆಯಾಯಿತೆಂದು ನನಗೆ ಆಗ ಗೊತ್ತಾಯಿತು. ಮತ್ತೆ ಆ ಉದ್ದನೆಯ ಮೇಜಿನ ಮುಂದೆ ನಿಂತ ಹಾಗಿತ್ತು. ಇಲ್ಲಿ ಹೇಳಬೇಕಾದದ್ದು ಮಾತ್ರ ಸಣ್ಣದಿತ್ತು.

"ನಂಗ ಈ ಸಂಬಂಧ ಬ್ಯಾಡ್ರಿ," ಎಂದೆ.

ಯಾರಿಗೂ ಕೇಳಿಸಲಿಲ್ಲ. ಮತ್ತೆ ಹೇಳಬೇಕಾಯಿತು. ಎರಡನೆಯ ಸಲ ಎಲ್ಲರಿಗೂ ಕೇಳಿಸಿತು.

ಅವರು ಗಲಾಟೆ ಮಾಡಲಿಲ್ಲ. ಹುಡುಗನ ತಾಯಿ ತಟ್ಟೆ ಕೆಳಗಿಟ್ಟು, "ಮೊದಲ ಕೇಳಿ ಕರೀಬೇಕಿತ್ರಿ ಗುರುರಾಜ ಅವ್ರ," ಎಂದಳು. ಅಪ್ಪ ಕೈ ಮುಗಿದು ನಿಂತಿದ್ದರು. ಬಾಗಿಲತನಕ ಬಿಡಲು ಹೋದರು. ಅವರು ಚಪ್ಪಲಿ ಮೆಟ್ಟುವಾಗಲೂ ಕೈ ಮುಗಿದೇ ಇದ್ದರು. ಅಜ್ಜಿ ಒಳಗಿನಿಂದ, "ಮನಿತನದ ಮಾನ ಕಳದಿ. ಅಡವಿ ಗಾಳಿ ಹತ್ತ್ಯದ ಇಕಿಗಿ," ಎಂದು ಗಟ್ಟಿಯಾಗಿಯೇ ಅನ್ನುತ್ತಿದ್ದಳು.

ನಾನು ಗೆದ್ದೆನೆಂದು ಅನ್ನಿಸಲಿಲ್ಲ. ಆ ಕೆಲಸ ಒಂದೇ ವರ್ಷದ್ದು, ಅದರಲ್ಲಿ ಈಗ ತಬಸ್ಸುಮ್ ಇದ್ದಾಳೆ. ಅವಳಿಗೆ ಎರಡು ಸಲ ಮೆಸೇಜು ಬರೆದು ಅಳಿಸಿದ್ದೇನೆ. ಈ ಮಾತು ಐದನೆಯ ದಿನ ಕ್ಯಾಂಪಿನ ಪಡಸಾಲೆಯಲ್ಲಿ ಬರಬೇಕಿತ್ತು. ಇಲ್ಲಿ, ಯಾರಿಗೂ ಪ್ರಯೋಜನವಿಲ್ಲದ ಕಡೆ ಬಂತು.

ಅಪ್ಪ ಒಳಗೆ ಬಂದು, ಬಂದವರು ಕೂತಿದ್ದ ಚಾಪೆಯ ತುದಿಯಲ್ಲಿ ಕೂತರು. ಬೈಯುತ್ತಾರೆಂದು ಕಾದೆ. ತಲೆ ಎತ್ತಿ ಕೇಳಿದರು.

"ಖರೇನ ಏನೂ ಕಾಣಲಿಲ್ಲೇನು ಮಂಜೂ, ಅಲ್ಲಿ?"

"ಏನೂ ಕಾಣಲಿಲ್ಲ," ಎಂದೆ.

ಹೂಂ ಎಂದರು. ನಾನು ಸುಳ್ಳು ಹೇಳುತ್ತಿದ್ದೇನೆಂದು ಅವರಿಗೆ ಗೊತ್ತಿತ್ತು. ಉಪ್ಪಿಟ್ಟು ಹಾಗೇ ಉಳಿದ ತಟ್ಟೆಗಳನ್ನು ಎತ್ತಿಕೊಂಡು ನಾನು ತೊಳೆಯಲು ಹಿತ್ತಲಿಗೆ ಹೋದೆ.